ಆಸರೆ ಆರು

ನನ್ನ ಕೆಲಸ ಕೇಳುವುದು. ಕಿರುಮೆದುಳಿನ ಬಗ್ಗೆ ಸಂಶೋಧನೆ ಮಾಡುವ ಒಂದು ಪ್ರಯೋಗಶಾಲೆಯಲ್ಲಿ ಹದಿನೇಳು ವರ್ಷದಿಂದ ಸಹಾಯಕಿಯಾಗಿದ್ದೇನೆ. ಕೂದಲಿಗಿಂತ ತೆಳುವಾದ ತಂತಿಯೊಂದನ್ನು ಇಲಿಯ ತಲೆಯ ಹಿಂಭಾಗಕ್ಕೆ ಇಳಿಸಿ, ಅಲ್ಲಿನ ಒಂದೇ ಒಂದು ನರಕೋಶದ ಮಿಡಿತವನ್ನು ಸ್ಪೀಕರಿಗೆ ಕೊಡುತ್ತೇವೆ. ತಗಡಿನ ಮೇಲೆ ಹನಿ ಬಿದ್ದ ಹಾಗೆ ಒಂದೇ ಸಮನೆ ಚಿಟಪಟ ಬರುತ್ತದೆ. ಅದರ ನಡುವೆ ಸೆಕೆಂಡಿಗೊಮ್ಮೆ ಬೇರೆಯೇ ಒಂದು ಸದ್ದು, ಒದ್ದೆ ಬಟ್ಟೆ ಕಲ್ಲಿಗೆ ತಾಗಿದಂತೆ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಅದು ಕೇಳಿಸಲು ತಿಂಗಳುಗಟ್ಟಲೆ ಬೇಕು. ನನಗೆ ಮೊದಲನೇ ದಿನವೇ ಕೇಳಿಸಿತು. ಪ್ರಯೋಗಶಾಲೆಯ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುವವರು, ಅಂದೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು.

ಆ ಸದ್ದು ತಪ್ಪಿನದು. ಕೈ ಇಲ್ಲಿಗೆ ಹೋಗಬೇಕಿತ್ತು, ಅಲ್ಲಿಗೆ ಹೋಯಿತು ಎಂಬ ಸುದ್ದಿ, ಬಳ್ಳಿಯಂತೆ ಸುತ್ತಿಕೊಂಡಿರುವ ಒಂದು ನಾರಿನ ಮೂಲಕ ಆ ಕೋಶಕ್ಕೆ ಬಂದು ಮುಟ್ಟುತ್ತದೆ. ಮುಟ್ಟಿದ ಕ್ಷಣ, ಅದಕ್ಕೆ ಸ್ವಲ್ಪ ಮೊದಲು ಯಾವ ಯಾವ ಸಂದುಗಳು ಕೆಲಸ ಮಾಡಿದ್ದವೋ ಅವು ಒಂದಿಷ್ಟು ಸಡಿಲವಾಗುತ್ತವೆ. ಒಂದು ನರಕೋಶ ಇನ್ನೊಂದಕ್ಕೆ ಮಾತು ದಾಟಿಸುವ ಜಾಗಕ್ಕೆ ನಾವು ಸಂದು ಅನ್ನುತ್ತೇವೆ. ಪುಸ್ತಕದಲ್ಲಿ ಸಿನಾಪ್ಸ್ ಎಂದಿರುತ್ತದೆ. ಹಾಗೆ ಸಡಿಲವಾದ್ದರಿಂದ ಮುಂದಿನ ಸಲ ಕೈ ಅಷ್ಟು ದೂರ ತಪ್ಪುವುದಿಲ್ಲ. ಅದರ ಮುಂದಿನ ಸಲ ಇನ್ನೂ ಕಡಿಮೆ. ಕಿರುಮೆದುಳು ಕಲಿಯುವುದೆಂದರೆ ಬಹುಪಾಲು ಇದೇ, ತಪ್ಪನ್ನು ಹೊತ್ತ ಸಂದುಗಳು ಒಂದೊಂದಾಗಿ ಹಿಂದೆ ಸರಿಯುವುದು. ತಪ್ಪು ಬಾರದಿದ್ದರೆ ಅವು ಇದ್ದಲ್ಲೇ ಇರುತ್ತವೆ. ಇದನ್ನು ನಾನು ಎಷ್ಟು ಜನ ಹೊಸಬರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ.

ನನಗೆ ಕಿವಿ ಎಂದು ಹೆಸರಿಟ್ಟವನು ಅಣ್ಣ. ನಾವು ಚಿಕ್ಕವರಿದ್ದಾಗ ಅಜ್ಜಿ ಸಂಜೆ ದೇವರ ಮುಂದೆ ಕೂತು ಪದ್ಯ ಹೇಳುತ್ತಿದ್ದರು. ಕಣ್ಣು ಮುಚ್ಚಿಕೊಂಡು, ಉಸಿರಿಗೊಂದು ಸಾಲು. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೂ ನನ್ನ ಮುಖ ಗಂಟಿಕ್ಕುತ್ತಿತ್ತಂತೆ. ಅಣ್ಣನಿಗೆ ಸಾಲಿನ ಅರ್ಥವೂ ಬೇಡ, ನಡೆಯೂ ಬೇಡ. ಬೆರಳನ್ನು ನೀರಿನಲ್ಲಿ ಅದ್ದಿ, ಅಜ್ಜಿ ಹೇಳಿದ್ದನ್ನು ನೆಲದ ಮೇಲೆ ಅಕ್ಷರವಾಗಿ ಬರೆಯುತ್ತಿದ್ದ. ಬರೆದದ್ದು ಆರುವಷ್ಟರಲ್ಲಿ ಮುಂದಿನ ಸಾಲು. ಅವನು ದೊಡ್ಡವನಾಗಿ ಕಲ್ಲಿನಲ್ಲಿ ಅಕ್ಷರ ಕೆತ್ತುವವನಾದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಸಮಾಧಿಯ ಕಲ್ಲು, ಕಟ್ಟಡದ ಅಡಿಗಲ್ಲು, ಬಾಗಿಲ ಪಕ್ಕದ ಹೆಸರಿನ ಹಲಗೆ. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಮರದ ಕೊಡತಿ. ಅವನು ಕೆಲಸಕ್ಕಿದ್ದ ಯಜಮಾನರ ಕಾರ್ಖಾನೆಯಲ್ಲಿ ಈಗ ಯಂತ್ರದಿಂದ ಕೊರೆಯುವವರೇ ಹೆಚ್ಚು. ಕೈಯಿಂದಲೇ ಬೇಕು ಅನ್ನುವ ಗಿರಾಕಿಗಳಿಗಾಗಿ ಕಿಟಕಿಯ ಪಕ್ಕ ಒಂದು ಮೇಜು ಉಳಿದಿತ್ತು, ಅದು ಅಣ್ಣನದು. ಇಪ್ಪತ್ತೆರಡು ವರ್ಷದಲ್ಲಿ ತಾನು ಕೆಡಿಸಿದ್ದು ಮೂರೇ ಕಲ್ಲು ಎಂದು ಅವನು ಯಾರು ಸಿಕ್ಕರೂ ಹೇಳುವನು. ಆ ಮೂರು ಕಲ್ಲಿನ ಹೆಸರುಗಳನ್ನು, ಯಾವ ಅಕ್ಷರದಲ್ಲಿ ಚಕ್ಕೆ ಎದ್ದಿತು ಎಂಬುದನ್ನು, ನಿನ್ನೆ ಸತ್ತವರ ಬಗ್ಗೆ ಹೇಳುವ ಹಾಗೆ ಹೇಳುವನು. ಅತ್ತಿಗೆ ಒಮ್ಮೆ, ನನ್ನ ಹುಟ್ಟಿದ ದಿನ ಇವರಿಗೆ ನೆನಪಿರಲ್ಲ, ಆ ಕಲ್ಲುಗಳದ್ದು ತಾರೀಖು ಸಮೇತ ಗೊತ್ತು ಎಂದು ನಕ್ಕಿದ್ದರು.

ಅವನ ಮೆದುಳಿಗೆ ಪೆಟ್ಟು ಬಿದ್ದದ್ದು ಆ ಮೇಜಿನ ಮುಂದೆಯೇ. ಕಣ್ಣು ಕತ್ತಲೆ ಬಂದು, ವಾಂತಿಯಾಗಿ, ನೆಲ ತನ್ನ ಕಡೆಗೆ ಎದ್ದು ಬಂತು ಎಂದ. ಕಿರುಮೆದುಳಿಗೆ ಹೋಗುವ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ಮೂರು ವಾರದ ನಂತರ ಮನೆಗೆ ಬಂದಾಗ ಬುದ್ಧಿ ನೆಟ್ಟಗಿತ್ತು, ಮಾತು ಸ್ವಲ್ಪ ಎಳೆಯುತ್ತಿತ್ತು, ನಡಿಗೆ ಸುಧಾರಿಸುತ್ತಿತ್ತು. ಬಲಗೈ ಮಾತ್ರ ಅವನದಾಗಿರಲಿಲ್ಲ. ಬಲ ಇತ್ತು, ಅಳತೆ ಇರಲಿಲ್ಲ. ಲೋಟ ಹಿಡಿಯಲು ಹೋದರೆ ಕೈ ಲೋಟ ದಾಟಿ ಹೋಗಿ, ಹಿಂದೆ ಬಂದು, ಮತ್ತೆ ದಾಟಿ, ಕೊನೆಗೆ ಲೋಟವನ್ನೇ ಉರುಳಿಸುತ್ತಿತ್ತು.

ಯಜಮಾನರು ನೋಡಲು ಬಂದರು. ಒಳ್ಳೆಯ ಮನುಷ್ಯರು, ಮಾತು ಕಡಿಮೆ. ಕಿಟಕಿಯ ಮೇಜನ್ನು ನೂರು ದಿನ ಹಾಗೇ ಇಟ್ಟಿರುತ್ತೇನೆ ಎಂದರು. ನೂರನೇ ದಿನ ಒಂದು ಕಲ್ಲು ಕೊಡುತ್ತೇನೆ, ಒಂದೇ ಕಲ್ಲು. ಕೆತ್ತಿಕೊಟ್ಟರೆ ಮೇಜು ನಿನ್ನದು, ಇಲ್ಲದಿದ್ದರೆ ಎಡಗೈಯವನನ್ನು ಕೂರಿಸುತ್ತೇನೆ. ಎಡಗೈಯವನೆಂದರೆ ಯಂತ್ರದ ಕಡೆಯ ಹುಡುಗರಲ್ಲೊಬ್ಬ, ಎಡಗೈಯಲ್ಲೇ ಎಲ್ಲ ಮಾಡುವವನು, ಅಣ್ಣನ ಹತ್ತಿರವೇ ಉಳಿ ಹಿಡಿಯಲು ಕಲಿತವನು. ಅವರು ಹೋದ ಮೇಲೆ ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆ ಮೇಜು ಹೋದರೆ ಅವನಿಗೆ ಬೇರೆ ಏನೂ ಬರುವುದಿಲ್ಲ ಎಂಬುದು ನಮಗೆ ಮೂವರಿಗೂ ಗೊತ್ತಿತ್ತು.

ಆಗ ನಾನೇ ಮುಂದೆ ಬಿದ್ದು ಮೇಡಂ ಹತ್ತಿರ ಮಾತಾಡಿದೆ. ಅವರು ಇಲಿಗಳಿಂದ ಮನುಷ್ಯರ ಕಡೆಗೆ ಹೊರಳಿದ್ದ ವರ್ಷ ಅದು. ಕಿರುಮೆದುಳಿಗೆ ಪೆಟ್ಟು ಬಿದ್ದ ಹನ್ನೆರಡು ಜನರನ್ನು ಆರಿಸಿ, ದಿನಕ್ಕೆ ಮುಕ್ಕಾಲು ಗಂಟೆಯಂತೆ ಆರು ವಾರ ಒಂದು ಯಂತ್ರದ ಮುಂದೆ ಕೂರಿಸುವ ಯೋಜನೆ. ಯಂತ್ರವೆಂದರೆ ಒಂದು ಮೇಜು, ಅದರಿಂದ ಎದ್ದ ಕಬ್ಬಿಣದ ತೋಳು, ತೋಳಿನ ತುದಿಗೆ ಹಿಡಿ. ಹಿಡಿಯನ್ನು ಅಲುಗಾಡಿಸಿದರೆ ಎದುರಿನ ಪರದೆಯ ಮೇಲೆ ಒಂದು ಚುಕ್ಕಿ ಅಲುಗುತ್ತದೆ. ಅದನ್ನು ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೆಟ್ಟಗೆ ಒಯ್ಯಬೇಕು. ಒಯ್ದ ದಾರಿ ಗೆರೆಯಾಗಿ ಮೂಡುತ್ತದೆ. ತೋಳಿನೊಳಗೆ ಒಂದು ಮೋಟಾರು ಇದೆ. ಸೊನ್ನೆಯಿಂದ ಹತ್ತರವರೆಗೆ ಆಸರೆಯ ಅಂಕಿ ಕೊಟ್ಟರೆ ಅದು ಕೈಯನ್ನು ಗೆರೆಯ ಮೇಲೆ ಹಿಡಿದಿಡುತ್ತದೆ. ಮೊದಲ ಎರಡು ದಿನ ಮಾತ್ರ ಆಸರೆ, ಹೇಗೆಂದು ತೋರಿಸಲು. ಮೂರನೇ ದಿನದಿಂದ ಸೊನ್ನೆ. ತಪ್ಪಲಿ, ತಪ್ಪಿ ತಪ್ಪಿ ಕಲಿಯಲಿ ಎಂಬುದೇ ಇಡೀ ಯೋಜನೆಯ ತಿರುಳು.

ಮೇಡಂ ಅಣ್ಣನ ತಲೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು. ಪೆಟ್ಟು ಚಿಕ್ಕದು, ಒಳ್ಳೆಯ ಜಾಗದಲ್ಲಿ ಬಿದ್ದಿದೆ, ಇಂಥವರು ಕಲಿಯುತ್ತಾರೆ ಎಂದರು. ಆದರೆ ಅವನನ್ನು ನಾನು ಕೂರಿಸಕೂಡದು, ರಕ್ತ ಸಂಬಂಧದವರು ಯಂತ್ರದ ಹತ್ತಿರ ಇರಬಾರದು ಎಂಬ ನಿಯಮ ಹೇಳಿದರು. ಅಣ್ಣ ಬೇರೆ ಯಾರ ಮುಂದೆಯೂ ಕೂರುವುದಿಲ್ಲ ಎಂದು ಹಟ ಹಿಡಿದ. ನಾಲ್ಕು ದಿನ ಹೀಗೇ ಹೋಯಿತು. ಕೊನೆಗೆ ಮೇಡಂ ನನ್ನನ್ನು ಕರೆದು, ನಿಮ್ಮ ಮೇಲೆ ನಂಬಿಕೆ ಇಟ್ಟು ಬಿಡುತ್ತಿದ್ದೇನೆ ಎಂದರು. ಹದಿನೇಳು ವರ್ಷಕ್ಕೆ ಅದು ಅವರು ನನಗೆ ಕೊಟ್ಟ ಮೊದಲ ಬಹುಮಾನ.

ಮನೆಯಲ್ಲಿ ನಾನು ಅತ್ತಿಗೆಗೆ ಪಾಠ ಶುರುಮಾಡಿದೆ. ಅವರಿಗೆ ಅಣ್ಣನ ಮೊಣಕೈಗೆ ಕೈ ಕೊಡುವ ಅಭ್ಯಾಸ ಆಗಿಬಿಟ್ಟಿತ್ತು. ಲೋಟ ಉರುಳುವ ಮೊದಲೇ ಹಿಡಿಯುವರು, ಗುಂಡಿ ಹಾಕುವರು, ತುತ್ತು ಬಾಯಿಗೆ ಮುಟ್ಟಿಸುವರು. ನಾನು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದೆ: “ಅತ್ತಿಗೆ, ನೀವು ಹಿಡ್ಕೊಂಡ್ರೆ ಅವನ ಮೆದುಳಿಗೆ ತಪ್ಪಾಯ್ತು ಅಂತಾನೇ ಗೊತ್ತಾಗಲ್ಲ. ಚೆಲ್ಲಲಿ ಬಿಡಿ. ಎಷ್ಟು ಚೆಲ್ತಾನೋ ಅಷ್ಟು ಕಲೀತಾನೆ.”

ಅತ್ತಿಗೆ ಓದಿದವರಲ್ಲ. ನನ್ನ ಮಾತನ್ನು ತಲೆ ತಗ್ಗಿಸಿಕೊಂಡು ಕೇಳಿದರು, ಮತ್ತೆ ಒಂದೇ ಪ್ರಶ್ನೆ ಕೇಳಿದರು: ಅವರು ಬೈದರೂ ಬಿಡಬೇಕಾ? ಬೈದರೂ ಬಿಡಬೇಕು ಎಂದೆ.

ಅಂದಿನಿಂದ ಅವರು ಬಿಟ್ಟರು. ಊಟದ ಹೊತ್ತಿಗೆ ಅಣ್ಣನ ಎದುರು ಕೂತು, ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುವರು, ಎಲ್ಲಿ ತಾನೇ ಮುಂದೆ ಹೋಗಿಬಿಡುತ್ತದೋ ಎಂದು. ಅಣ್ಣ ಅಂಗಿಯ ತುಂಬ ಸಾರು ಚೆಲ್ಲಿಕೊಳ್ಳುವನು. ಮೊದಮೊದಲು ಸುಮ್ಮನಿದ್ದ. ಆಮೇಲೆ ನನಗೆ ದೂರು ಹೇಳತೊಡಗಿದ: ನೋಡು ಕಿವಿ, ಗಂಡ ಎದುರಿಗೆ ಮಗು ಹಾಗೆ ಚೆಲ್ಲಿಕೊಳ್ತಿದ್ರೆ ಇವಳು ಸಿನಿಮಾ ನೋಡೋ ಹಾಗೆ ಕೂತಿರ್ತಾಳೆ, ಟಿಕೆಟ್ ಒಂದು ತಗೊಂಡಿಲ್ಲ ಅಷ್ಟೇ. ಅತ್ತಿಗೆ ನನ್ನ ಮುಖ ನೋಡುವರು. ನಾನು ಕಣ್ಣಲ್ಲೇ ಧೈರ್ಯ ಹೇಳುವೆ.

ಇನ್ನು ನಾನೇನು ಮಾಡಿದೆ ಎಂಬುದನ್ನು ಹೇಳಬೇಕು.

ನೂರರಲ್ಲಿ ಐವತ್ತು ದಿನ ಕಳೆದ ಮೇಲೆ ಅಣ್ಣನ ಆರು ವಾರ ಶುರುವಾಯಿತು. ಮೂರನೇ ದಿನ ಯಂತ್ರದ ಆಸರೆಯನ್ನು ಸೊನ್ನೆಗೆ ಇಳಿಸಿದೆ. ಅಣ್ಣನ ಚುಕ್ಕಿ ಹುಚ್ಚು ನೊಣದಂತೆ ಪರದೆಯ ತುಂಬ ಹಾರಾಡಿತು. ಹಿಡಿ ಮೇಜಿನ ಅಂಚಿಗೆ ಬಡಿಯಿತು. ಮತ್ತೆ, ಮತ್ತೆ. ನಲವತ್ತು ಸಲ ಮಾಡಬೇಕು. ಹನ್ನೊಂದನೆಯದಕ್ಕೆ ಅವನು ನಿಲ್ಲಿಸಿ, ಪರದೆಯ ಮೇಲಿನ ಗೆರೆಗಳ ಗೋಜಲನ್ನೇ ನೋಡುತ್ತ ಕೂತ. ಒಂದು ಗೆರೆ ಕೂದಲಷ್ಟು ಓರೆಯಾದರೆ ಊಟ ಬಿಡುತ್ತಿದ್ದ ಮನುಷ್ಯ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ನನ್ನ ಕಡೆ ತಿರುಗದೆ, “ಕಿವಿ, ನೀನು ಆ ಕಡೆ ನೋಡ್ತಿರು” ಎಂದ.

ನಾನು ಆ ಕಡೆ ನೋಡಿದೆ. ನೋಡಿದ ಕಡೆ ಆಸರೆಯ ಅಂಕಿ ಇತ್ತು. ಎರಡು ಒತ್ತಿದೆ.

ಮುಂದಿನ ಗೆರೆ ಸ್ವಲ್ಪ ತಹಬಂದಿಗೆ ಬಂತು. ಅದರ ಮುಂದಿನದು ಇನ್ನೂ. ಅಣ್ಣನ ಬೆನ್ನು ನೆಟ್ಟಗಾಯಿತು. ನಲವತ್ತು ಮುಗಿದಾಗ ಅವನು ನನ್ನ ಕಡೆ ತಿರುಗಿ ನಕ್ಕ. ಪೆಟ್ಟು ಬಿದ್ದ ಮೇಲೆ ನಾನು ನೋಡಿದ ಮೊದಲ ನಗು. ಅಂದು ರಾತ್ರಿ ಊಟ ಸೇರಿತು ಅವನಿಗೆ, ಎರಡನೇ ಸಲ ಬಡಿಸಿಕೊಂಡ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ನಾಳೆ ಒಂದಕ್ಕೆ ಇಳಿಸುತ್ತೇನೆ, ನಾಡಿದ್ದು ಸೊನ್ನೆ ಎಂದು ನಾನು ದೇವರ ಮುಂದೆ ಕೂತು ಅಂದುಕೊಂಡೆ. ಮರುದಿನ ಒಂದಕ್ಕೆ ಇಳಿಸಿದ ತಕ್ಷಣ ಅವನ ಮುಖದ ನೀರಿಳಿಯಿತು. ಮೂರಕ್ಕೆ ಏರಿಸಿದೆ.

ಆ ಮೋಟಾರು ಆಸರೆ ಕೊಡುವಾಗ ಒಂದು ಸಣ್ಣ ಗುಂಯ್‌ಗುಡುವ ಸದ್ದು ಮಾಡುತ್ತದೆ, ಮುಚ್ಚಿದ ಬಾಟಲಿಯೊಳಗಿನ ದುಂಬಿಯಷ್ಟು. ಪಕ್ಕದಲ್ಲಿ ಕೂತವರಿಗೂ ಕೇಳಿಸುವಂಥದಲ್ಲ. ನನಗೆ ಕೇಳಿಸುತ್ತಿತ್ತು. ಕೈ ಎಲ್ಲೆಲ್ಲಿ ತಪ್ಪಲು ಹೊರಟಿತೋ ಅಲ್ಲೆಲ್ಲ ಗುಂಯ್. ದಿನ ದಿನಕ್ಕೆ ಆ ಸದ್ದು ಹೆಚ್ಚಾಗುತ್ತ ಹೋಯಿತೇ ಹೊರತು ಕಡಿಮೆಯಾಗಲಿಲ್ಲ. ಮೂರನೇ ವಾರಕ್ಕೆ ಆಸರೆ ಆರು. ಅಣ್ಣನ ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಬರುತ್ತಿದ್ದವು. ಅವನ ಹಟಕ್ಕೆ ಒಂದು ದಿನದ್ದನ್ನು ಅಚ್ಚು ತೆಗೆದು ಕೊಟ್ಟೆ. ಅದನ್ನು ಯಜಮಾನರಿಗೆ ಕಳಿಸಿಕೊಟ್ಟ. ಅವರು ಎಡಗೈಯವನಿಗೆ ತೋರಿಸಿ, ನಿನ್ನ ಗುರು ಎದ್ದು ಬರ್ತಿದ್ದಾನೆ ನೋಡಪ್ಪ, ನೀನು ಯಂತ್ರದ ಹತ್ತಿರವೇ ಇರು ಎಂದು ತಮಾಷೆ ಮಾಡಿದರಂತೆ.

ಇತ್ತ ಮನೆಯಲ್ಲಿ ಲೋಟ ಇನ್ನೂ ಉರುಳುತ್ತಿತ್ತು. ಹತ್ತು ಸಲದಲ್ಲಿ ಹತ್ತೂ ಉರುಳುತ್ತಿದ್ದದ್ದು ಆರಕ್ಕೋ ಏಳಕ್ಕೋ ಬಂದಿತ್ತು, ಆದರೆ ಅದು ಅಣ್ಣನ ಲೆಕ್ಕಕ್ಕೆ ಬರಲಿಲ್ಲ. ನನ್ನ ಹತ್ತಿರ ನೆಟ್ಟಗೆ ಹೋಗುವ ಕೈ ಅತ್ತಿಗೆಯ ಎದುರು ಯಾಕೆ ಡೊಂಕಾಗುತ್ತದೆ? ಅವನಿಗೆ ಸಿಕ್ಕ ಉತ್ತರ ಒಂದೇ. ಇವಳು ದಿಟ್ಟಿಸಿ ನೋಡುತ್ತಾಳೆ, ಅದಕ್ಕೇ ನಡುಗುತ್ತದೆ. ಮೊದಲು ತಮಾಷೆಗೆ ಹೇಳಿದ, ಆಮೇಲೆ ನಿಜವಾಗಿ ನಂಬಿದ. ಮನೆಯಲ್ಲಿ ಅಭ್ಯಾಸ ಮಾಡುವುದನ್ನೇ ಬಿಟ್ಟ, ಕೊಡತಿಯನ್ನು ಮುಟ್ಟಿಯೂ ನೋಡಲಿಲ್ಲ. ಎಡಗೈಯಲ್ಲಿ ಉಣ್ಣತೊಡಗಿದ. ಅತ್ತಿಗೆ ಬೇಡಿಕೊಂಡರೆ, ನಿನ್ನ ಕಣ್ಣು ಕಿತ್ತಿಡು, ಆಗ ಬಲಗೈಯಲ್ಲಿ ಉಣ್ತೀನಿ ಎಂದನಂತೆ. ಇದನ್ನು ಅತ್ತಿಗೆ ನನಗೆ ಹೇಳುವಾಗ ಅಳಲಿಲ್ಲ. ನಾನೇ ಕಾರಣ ಇರಬಹುದಾ, ನಿನ್ನ ಪುಸ್ತಕದಲ್ಲಿ ಹಾಗೆ ಏನಾದರೂ ಇದೆಯಾ ಎಂದು ಕೇಳಿದರು.

ಇಲ್ಲ ಎಂದೆ. ಅಷ್ಟೇ ಹೇಳಿದೆ.

ಐದನೇ ವಾರದ ಒಂದು ಮಧ್ಯಾಹ್ನ ಧೈರ್ಯ ಮಾಡಿ ಆಸರೆಯನ್ನು ಸೊನ್ನೆಗೆ ತಂದೆ. ಅವನಿಗೆ ಹೇಳಲಿಲ್ಲ. ಚುಕ್ಕಿ ಆ ಮೂರನೇ ದಿನದ ಹಾಗೆಯೇ ಹಾರಿತು. ಒಂದಿಷ್ಟೂ ಕಡಿಮೆಯಿಲ್ಲ. ಹಿಡಿ ಅಂಚಿಗೆ ಬಡಿದ ಸದ್ದಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಅಣ್ಣ ಹಿಡಿ ಬಿಟ್ಟು, ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನಾನು ಬಾಯಿ ತೆಗೆಯಬೇಕೆಂದಿದ್ದೆ, ದೇವರಾಣೆ. ಅಷ್ಟರಲ್ಲಿ ಅವನೇ ಹೇಳಿದ:

“ಬೆಳಿಗ್ಗೆ ಅವಳ ಜೊತೆ ಜಗಳ ಆಯ್ತು. ಅದು ಇಲ್ಲೀವರೆಗೂ ಬಂತು ನೋಡು.”

ಹಾಗಲ್ಲ ಅಣ್ಣ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಸ್ವಲ್ಪ ನೀರು ಕುಡಿ ಎಂದೆ. ಅವನು ನೀರು ಕುಡಿಯುವಷ್ಟರಲ್ಲಿ ಅಂಕಿಯನ್ನು ಆರಕ್ಕೆ ಏರಿಸಿದ್ದೆ. ಉಳಿದ ಗೆರೆಗಳೆಲ್ಲ ನೆಟ್ಟಗೆ ಬಂದವು. ನೋಡಿದ್ಯಾ, ಮನಸ್ಸು ಸಮಾಧಾನ ಆದ ಕೂಡಲೇ ಕೈಗೂ ಆಯ್ತು ಎಂದ.

ಆ ಸಂಜೆ ಅವನು ಅತ್ತಿಗೆಗೆ, ನೂರು ದಿನ ಮುಗಿಯುವವರೆಗೆ ನಿನ್ನ ಅಕ್ಕನ ಮನೆಯಲ್ಲಿ ಇದ್ದು ಬಾ ಎಂದ. ಅತ್ತಿಗೆ ಚೀಲ ತುಂಬಿಕೊಂಡರು. ಅವನಿಗೆ ಊಟಕ್ಕೆ ಏನೇನು, ಮಾತ್ರೆ ಯಾವ ಡಬ್ಬಿಯಲ್ಲಿ ಎಂದೆಲ್ಲ ನನಗೆ ಹೇಳಿ, ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: ನಾನು ಸರಿಯಾಗಿ ಬಿಡಲಿಲ್ಲವೇನೋ, ನೀನಾದರೂ ಬಿಡು. ಬಸ್ಸು ಹತ್ತಿಸಿ ಬಂದೆ.

ನೂರನೇ ದಿನ ನಾನೂ ಕಾರ್ಖಾನೆಗೆ ಹೋದೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಯಜಮಾನರು ಕಿಟಕಿಯ ಮೇಜಿನ ಮೇಲೆ ಒಂದು ಕರಿಕಲ್ಲು ಇಡಿಸಿದ್ದರು, ನುಣ್ಣಗೆ ಉಜ್ಜಿದ್ದು, ಮುಖ ಕಾಣುವಂಥದ್ದು. ಶಾಲೆಯ ಮೇಷ್ಟ್ರೊಬ್ಬರ ಸಮಾಧಿಗೆ. ಹೆಸರು, ಎರಡು ತಾರೀಖು. ಅಕ್ಷರಗಳನ್ನು ಎಡಗೈಯವ ಮೊದಲೇ ಬಿಳಿ ಪೆನ್ಸಿಲಿನಲ್ಲಿ ಬರೆದಿದ್ದ. ಗುರುವಿಗೆ ಅಷ್ಟು ಕೆಲಸ ಉಳಿಯಲಿ ಎಂದು. ಅಣ್ಣ ಅದನ್ನು ನೋಡಿ, ಎರಡನೇ ಅಕ್ಷರದ ಹೊಟ್ಟೆ ಸ್ವಲ್ಪ ದಪ್ಪ ಆಯ್ತು ಎಂದ. ಎಲ್ಲರೂ ನಕ್ಕರು. ಎಡಗೈಯವ ನಾಚಿಕೊಂಡು ಒರೆಸಿ ಮತ್ತೆ ಬರೆದ.

ಅಣ್ಣ ಉಳಿಯನ್ನು ಮೊದಲ ಅಕ್ಷರದ ತಲೆಗೆ ಇಟ್ಟ. ಎಡಗೈ ಅಲುಗಲಿಲ್ಲ, ಅದಕ್ಕೆ ಏನೂ ಆಗಿರಲಿಲ್ಲ. ಕೊಡತಿ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ. ಮೊದಲನೆಯ ಪೆಟ್ಟು ಉಳಿಯ ತಲೆಯ ಮೇಲೆ ಬಿತ್ತು, ಸದ್ದು ಸರಿಯಾಗಿತ್ತು. ಎರಡನೆಯದೂ. ಒಂದು ಕ್ಷಣ, ದೇವರೇ, ನನ್ನ ಲೆಕ್ಕವೇ ತಪ್ಪಿರಲಿ ಎಂದು ಬೇಡಿಕೊಂಡೆ. ಮೂರನೆಯದು ಉಳಿಯ ಅಂಚಿಗೆ ತಾಗಿ ಜಾರಿ ಅವನ ಎಡಗೈಯ ಗೆಣ್ಣಿನ ಮೇಲೆ ಬಿತ್ತು. ಅವನು ಹಲ್ಲು ಕಚ್ಚಿ ಇನ್ನೂ ಜೋರಾಗಿ ಎತ್ತಿದ. ನಾಲ್ಕನೆಯದಕ್ಕೆ ಉಳಿ ಅಡ್ಡಡ್ಡಲಾಗಿ ಹೊರಳಿತು. ಕಲ್ಲಿನಿಂದ ಚಕ್ಕೆ ಏಳುವ ಸದ್ದಿಗೆ ಕಣ್ಣು ತೆರೆದೆ. ಹೆಸರಿನ ಮೊದಲ ಅಕ್ಷರ ಇರಬೇಕಾದ ಕಡೆ ಬೆರಳಗಲದ ಗಾಯ.

ಅಣ್ಣ ಕೊಡತಿಯನ್ನು ಮೇಜಿನ ಮೇಲೆ ಇಡಲು ಹೋದ, ಅದು ಮೇಜು ತಪ್ಪಿ ನೆಲಕ್ಕೆ ಬಿತ್ತು. ಎಡಗೈಯವ ಬಗ್ಗಿ ಎತ್ತಿಕೊಟ್ಟ. ಯಜಮಾನರು ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಚಹಾ ತರಿಸುತ್ತೇನೆ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅಣ್ಣ ಒಂದೇ ಮಾತು ಹೇಳಿದ: ನಾಲ್ಕನೇ ಕಲ್ಲು.

ಮನೆಗೆ ಬಂದು, ಅವನ ಗೆಣ್ಣಿಗೆ ಬಟ್ಟೆ ಸುತ್ತಿದೆ. ಸುತ್ತುತ್ತ ಹೇಳಿದೆ. ಬೇರೆ ಹೇಗೆ ಹೇಳುವುದೆಂದು ತಿಳಿಯದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಅವನು ಕೈ ಎಳೆದುಕೊಳ್ಳಲಿಲ್ಲ. ಬಟ್ಟೆಯ ತುದಿ ಕಟ್ಟಿ ಮುಗಿದ ಮೇಲೆ ಕೇಳಿದ:

“ಮೊದಲನೇ ದಿನದಿಂದಾನಾ?”

“ಮೂರನೇ ದಿನದಿಂದ.”

“ಯಜಮಾನರಿಗೆ ಕಳಿಸಿದ್ನಲ್ಲ, ಆ ಗೆರೆ?”

“ಮೋಟಾರಿನದು.”

ಬೈಯಲಿ ಎಂದು ನಾನು ಕಾದೆ. ಅವನು ಬೈಯಲಿಲ್ಲ. “ಅವಳನ್ನ ಕಳಿಸಿದ ದಿನ ನಿನಗೆ ಗೊತ್ತಿತ್ತು” ಎಂದ. ನಾನು ಉಳಿದ ಬಟ್ಟೆಯನ್ನು ಮಡಚಿ ಎತ್ತಿಟ್ಟೆ.

ಮರುದಿನವೇ ಅತ್ತಿಗೆಯ ಅಕ್ಕನ ಮನೆಗೆ ಹೋದೆ. ಅತ್ತಿಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವರಿಗೂ ಎಲ್ಲ ಹೇಳಿದೆ. ಒಂದು ಚಾದರದ ಎರಡು ತುದಿ ಹಿಡಿದು ನಿಂತವರು, ನಾನು ಹೇಳಿ ಮುಗಿಸುವವರೆಗೆ ಹಾಗೇ ಹಿಡಿದುಕೊಂಡಿದ್ದರು.

“ನೀನು ಹೇಳ್ಕೊಟ್ಟೆ, ನಾನು ಕೇಳಿದೆ” ಎಂದರು. “ಅವರ ಬಾಯಲ್ಲಿ ಏನೇನು ಅನ್ನಿಸ್ಕೊಂಡೆ ಗೊತ್ತಾ? ಒಂದೊಂದು ಸಲ ಕೈ ಮುಂದೆ ಹೋಗಿಬಿಡ್ತಿತ್ತು. ಆಗ ನಿನ್ನನ್ನ ನೆನೆಸ್ಕೊಂಡು ತಡ್ಕೊಳ್ತಿದ್ದೆ.”

ಅವರು ಚಾದರವನ್ನು ಹಗ್ಗಕ್ಕೆ ಹಾಕಿದರು. ಅಂದೇ ಸಂಜೆಯ ಬಸ್ಸಿಗೆ ವಾಪಸು ಬಂದರು. ನನ್ನ ಪಕ್ಕದಲ್ಲಿ ಸೀಟು ಖಾಲಿಯಿತ್ತು. ಎರಡು ಸಾಲು ಮುಂದೆ ಹೋಗಿ ಕೂತರು.

ಪ್ರಯೋಗಶಾಲೆಯಲ್ಲಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ. ಯಂತ್ರ ಪ್ರತಿಯೊಂದು ಅಂಕಿಯನ್ನೂ ತಾರೀಖು, ಗಂಟೆ ಸಮೇತ ಬರೆದಿಟ್ಟುಕೊಳ್ಳುತ್ತದೆ, ಅದು ನನಗೂ ಗೊತ್ತಿತ್ತು. ಮೇಡಂ ನನ್ನನ್ನು ಕರೆದರು. ಪರದೆಯ ಮೇಲೆ ಅಣ್ಣನ ಕಡತ ಮೂರನೇ ದಿನದಿಂದ ತೆರೆದಿತ್ತು: ಎರಡು, ಒಂದು, ಮೂರು, ಮೂರು, ನಾಲ್ಕು, ಹೀಗೆ ಏರುತ್ತ ಮೂರನೇ ವಾರದಿಂದ ಉದ್ದಕ್ಕೂ ಆರು, ನಡುವೆ ಒಂದು ದಿನ ಕಾಲು ಗಂಟೆಯಷ್ಟು ಸೊನ್ನೆ. ಮೇಡಂ ದನಿ ಏರಿಸುವವರಲ್ಲ. ಉಳಿದ ಹನ್ನೊಂದು ಜನರದ್ದು ಚೆನ್ನಾಗಿ ಬಂದಿದೆ, ಒಂಬತ್ತು ಜನರ ಕೈ ಗೊತ್ತಾಗುವಷ್ಟು ಸುಧಾರಿಸಿದೆ ಎಂದು ತಿಳಿಸಿದರು. ಅಣ್ಣನದನ್ನು ಲೆಕ್ಕದಿಂದ ತೆಗೆಯುತ್ತಾರೆ. ಪ್ರಬಂಧದಲ್ಲಿ ಒಂದು ಸಾಲು ಇರುತ್ತದೆ: ಕ್ರಮ ತಪ್ಪಿದ್ದರಿಂದ ಒಬ್ಬರನ್ನು ಕೈಬಿಡಲಾಗಿದೆ. ನನ್ನನ್ನು ಮತ್ತೆ ಇಲಿಗಳ ಕೋಣೆಗೆ ಹಾಕಿದರು. ಕೆಲಸದಿಂದ ತೆಗೆಯಬಹುದಿತ್ತು. ನಿಮ್ಮಷ್ಟು ಚೆನ್ನಾಗಿ ಕೇಳುವವರು ಬೇರೆ ಯಾರಿದ್ದಾರೆ ಎಂದರು. ಬೈಗುಳವೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು.

ಅಣ್ಣನ ಮನೆಯಲ್ಲಿ ಈಗ ಎಲ್ಲ ಅತ್ತಿಗೆ ಹೇಳಿದ ಹಾಗೆ. ಒಡೆದ ಕಲ್ಲಿನ ಚೂರೊಂದನ್ನು ಹಿತ್ತಿಲಲ್ಲಿ ಇಟ್ಟು, ದಿನಕ್ಕೆ ಎರಡು ಹೊತ್ತು ಕೊಡತಿ ಹಿಡಿಸುತ್ತಾರೆ. ಎಡಗೈಗೆ ಹಳೆ ಬಟ್ಟೆ ದಪ್ಪಗೆ ಸುತ್ತಿರುತ್ತಾರೆ, ಅಷ್ಟು ಬಿಟ್ಟರೆ ಬೇರೆ ಸಹಾಯವಿಲ್ಲ. ಎದುರಿಗೆ ಕೂತು ನೋಡುತ್ತಾರೆ. ಅವನು ನೋಡಬೇಡ ಅನ್ನುವುದಿಲ್ಲ. ಲೋಟ ಈಗ ಉರುಳುವುದಿಲ್ಲ. ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಹತ್ತು ಪೆಟ್ಟಿನಲ್ಲಿ ಏಳು ಉಳಿಯ ಮೇಲೆ ಬೀಳುತ್ತವೆ. ಆದರೆ ಮೂರು ತಪ್ಪಿದರೆ ಅಕ್ಷರವಿಲ್ಲ. ಏಳರಿಂದ ಎಂಟಕ್ಕೆ ಹೋಗದೆ ನಾಲ್ಕು ತಿಂಗಳಾಯಿತು. ಪೆಟ್ಟು ಬಿದ್ದ ಮೊದಲ ತಿಂಗಳುಗಳಲ್ಲಿ ಮೆದುಳು ಕಲಿಯುವ ವೇಗ ಆಮೇಲೆ ಬರುವುದಿಲ್ಲ. ಇದನ್ನೂ ನಾನು ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ಕಿಟಕಿಯ ಮೇಜಿನಲ್ಲಿ ಎಡಗೈಯವ ಕೂರುತ್ತಾನೆ. ಚೆನ್ನಾಗಿ ಕೆತ್ತುತ್ತಾನಂತೆ. ಮೇಷ್ಟ್ರ ಕಲ್ಲನ್ನು ಹೊಸದಾಗಿ ಮಾಡಿಕೊಟ್ಟವನೂ ಅವನೇ.

ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಅತ್ತಿಗೆ ಊಟ ಹಾಕುತ್ತಾರೆ. ಅಣ್ಣ ಕಿವಿ ಎಂದು ಕರೆಯುವುದನ್ನು ಬಿಟ್ಟಿದ್ದಾನೆ. ಏನಾದರೂ ಬೇಕಾದರೆ ಅತ್ತಿಗೆಗೆ ಹೇಳುತ್ತಾನೆ, ಅತ್ತಿಗೆ ನನಗೆ ಹೇಳುತ್ತಾರೆ. ಮೂವರೇ ಕೂತಿರುವ ಮನೆಯಲ್ಲಿ ಮಾತು ಹೀಗೆ ಸುತ್ತು ಹಾಕಿಕೊಂಡು ಬರುತ್ತದೆ.

ಹೋದ ಭಾನುವಾರ ಊಟವಾದ ಮೇಲೆ ಅತ್ತಿಗೆ ಪಾತ್ರೆ ತೊಳೆಯಲು ಎದ್ದರು. ಅಣ್ಣ ಕೈ ಒರೆಸಿಕೊಂಡು, ಐದು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

“ಒಂದು ಕೇಳ್ತೀನಿ. ಆ ಆರು ವಾರ ನೀನು ಸುಮ್ಮನೆ ಬಿಟ್ಟಿದ್ದಿದ್ರೆ, ನನ್ನ ಕೈ ಬರ್ತಿತ್ತಾ?”

ಒಳಗೆ ಪಾತ್ರೆಯ ಸದ್ದು ನಿಂತಿತು.

ಬರುತ್ತಿರಲಿಲ್ಲ ಎನ್ನುವುದು ಸುಲಭವಿತ್ತು. ಪೆಟ್ಟು ದೊಡ್ಡದಿತ್ತು ಅಣ್ಣ, ಯಾರು ಏನು ಮಾಡಿದ್ದರೂ ಇಷ್ಟೇ ಆಗುತ್ತಿತ್ತು, ನಿನ್ನ ಹಣೆಯಲ್ಲಿ ಇದ್ದದ್ದು ಇಷ್ಟು ಎಂದರೆ ಅವನಿಗೆ ನಿದ್ದೆ ಬರುತ್ತಿತ್ತು. ನನಗೂ ಬರುತ್ತಿತ್ತು. ನನ್ನ ಹಾಗೆ ಅದನ್ನು ನಂಬುವಂತೆ ಹೇಳಬಲ್ಲವರು ಇನ್ನೊಬ್ಬರಿಲ್ಲ. ಎಲ್ಲಿಗೆ ಎಷ್ಟು ಆಸರೆ ಕೊಟ್ಟರೆ ಅವನ ಮುಖ ಅರಳುತ್ತದೆ ಎಂಬುದು ನನಗೆ ಗೊತ್ತು. ಬೆಳಕಿಗೆ ಹಿಡಿದ ಚಿತ್ರದಲ್ಲಿನ ಆ ಚಿಕ್ಕ ಕಪ್ಪು ಮಚ್ಚೆ ನೆನಪಾಯಿತು. ಹನ್ನೊಂದರಲ್ಲಿ ಒಂಬತ್ತು. ಆ ಒಂಬತ್ತರಲ್ಲಿ ಐವರ ಪೆಟ್ಟು ಅವನದಕ್ಕಿಂತ ದೊಡ್ಡದು.

“ಬರ್ತಿತ್ತು” ಎಂದೆ.

“ಕೊಡತಿ ಹಿಡಿಯೋಷ್ಟು?”

“ಹೂಂ. ಅಷ್ಟು.”

ಅವನು ತಲೆಯಾಡಿಸಿದ. ಗಿರಾಕಿಯೊಬ್ಬ ಹೆಸರಿನ ಕಾಗುಣಿತ ಹೇಳಿದಾಗ ಸರಿ, ಬರೆದುಕೊಂಡೆ ಎಂಬಂತೆ ಆಡಿಸುತ್ತಿದ್ದನಲ್ಲ, ಹಾಗೆ. ಆಮೇಲೆ ಎದ್ದು, ಗೋಡೆ ಹಿಡಿಯದೆ, ಹಿತ್ತಿಲ ಕಡೆ ಹೋದ.

ನಾನು ಚೀಲ ತೆಗೆದುಕೊಂಡೆ. ಅತ್ತಿಗೆ ಒದ್ದೆ ಕೈಯಲ್ಲೇ ಬಾಗಿಲವರೆಗೆ ಬಂದರು. ಇಷ್ಟು ದಿನ ಹೊರಡುವಾಗ ಮುಂದಿನ ವಾರ ಬಾ ಎನ್ನುತ್ತಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುವವರೆಗೆ ನಿಂತಿದ್ದರು, ಗೇಟು ದಾಟುವವರೆಗೂ ನಿಂತಿದ್ದರು. ಆಮೇಲೆ ಬಾಗಿಲು ಹಾಕಿಕೊಂಡರು.